ದುಡಿಮೆಯ ನಡುವೆ ಮಾಹಿತಿ ತಂತ್ರಜ್ಞಾನ ಪದವಿ: ಶುಲ್ಕಕ್ಕಿಂತ ಮೊದಲು ಗಂಟೆಗಳ ಲೆಕ್ಕ

ಲೆಕ್ಕಪತ್ರ ವಿಭಾಗದಲ್ಲಿ ಹತ್ತು ಹನ್ನೆರಡು ವರ್ಷ ದುಡಿದ ನೌಕರರೊಬ್ಬರು ಮಾಲೀಕರ ಮುಂದೆ ನಿಂತು, ತಾವು ಆನ್‌ಲೈನ್ ಮೂಲಕ ಬಿ.ಸಿ.ಎ. ಪದವಿಗೆ ಸೇರಲು ಬಯಸಿರುವುದಾಗಿಯೂ ಪರೀಕ್ಷೆಯ ದಿನಗಳಲ್ಲಿ ರಜೆ ಬೇಕಾಗುವುದೆಂದೂ ತಿಳಿಸುವುದು ಈಗ ಅಪರೂಪದ ಸಂಗತಿಯಲ್ಲ. ಆಗ ಮಾಲೀಕರ ಮನಸ್ಸಿನಲ್ಲಿ ಏಳುವ ಪ್ರಶ್ನೆಗಳು ಸಾಮಾನ್ಯವಾಗಿ ಎರಡು. ಮನೆಯಲ್ಲಿ ಕುಳಿತು ಪಡೆದ ಪದವಿಗೆ ಬೆಲೆ ಇದೆಯೇ? ಇದ್ದರೆ, ಪದವಿ ಕೈಸೇರಿದ ಮರುದಿನ ಇವರು ಇಲ್ಲಿ ಉಳಿಯುವರೇ? ಎರಡೂ ನ್ಯಾಯವಾದ ಪ್ರಶ್ನೆಗಳೇ. ಆದರೆ ಮಾಲೀಕರಾಗಲಿ, ಸೇರಬಯಸುವವರಾಗಲಿ ಕೇಳಿಕೊಳ್ಳದ ಮೂರನೆಯ ಪ್ರಶ್ನೆಯೊಂದಿದೆ. ಈ ಪದವಿಗೆ ಒಟ್ಟು ಎಷ್ಟು ಗಂಟೆ ಬೇಕು, ಆ ಗಂಟೆಗಳು ಎಲ್ಲಿಂದ ಬರಬೇಕು? ಅರ್ಧದಲ್ಲೇ ಕೈಬಿಟ್ಟವರ ಪೈಕಿ ಹೆಚ್ಚಿನವರು ಸೋಲುವುದು ಈ ಲೆಕ್ಕದಲ್ಲಿಯೇ ಹೊರತು ಬುದ್ಧಿಶಕ್ತಿಯಲ್ಲಲ್ಲ.

ಇಂತಹ ಬೇಡಿಕೆ ಏಕೆ ಹುಟ್ಟಿತೆಂಬುದನ್ನು ವರ್ತಕರಿಗೆ ವಿವರಿಸಬೇಕಾಗಿಲ್ಲ. ಮೌಲ್ಯವರ್ಧಿತ ತೆರಿಗೆಯ ಕಾಲದಲ್ಲಿಯೇ ಕರ್ನಾಟಕದ ವ್ಯಾಪಾರಸ್ಥರು ಇ-ಸುಗಮ್ ಸಂಖ್ಯೆ ಪಡೆದು ಸರಕು ಸಾಗಿಸುವುದನ್ನು ರೂಢಿಸಿಕೊಂಡಿದ್ದರು. 2018ರ ಏಪ್ರಿಲ್ 1ರಂದು ದೇಶದಾದ್ಯಂತ ಅಂತರರಾಜ್ಯ ಸಾಗಣೆಗೆ ಇ-ವೇ ಬಿಲ್ ಜಾರಿಗೆ ಬಂದಾಗ, ಅದೇ ದಿನ ರಾಜ್ಯದೊಳಗಿನ ಸಾಗಣೆಗೂ ಅದನ್ನು ಅನ್ವಯಿಸಿದ್ದು ಕರ್ನಾಟಕ ಮಾತ್ರ. ಇ-ಇನ್‌ವಾಯ್ಸ್ ಪದ್ಧತಿ 2020ರ ಅಕ್ಟೋಬರ್ 1ರಂದು 500 ಕೋಟಿ ರೂ. ಮೀರಿದ ವಹಿವಾಟಿನವರಿಂದ ಆರಂಭಗೊಂಡು, ಹಂತ ಹಂತವಾಗಿ ಇಳಿದು, 2023ರ ಆಗಸ್ಟ್ 1ರಿಂದ 5 ಕೋಟಿ ರೂ. ಮೀರಿದವರನ್ನೂ ಒಳಗೊಂಡಿತು. ಕಿರ್ದಿ, ಖಾತೆ ಬರೆಯಲು ಕಲಿತು ಬಂದ ಗುಮಾಸ್ತರು ಈಗ ಖರೀದಿ ಪುಸ್ತಕವನ್ನು ಜಿ.ಎಸ್.ಟಿ.ಆರ್.-2ಬಿ ತಖ್ತೆಯೊಂದಿಗೆ ತಾಳೆ ನೋಡುತ್ತಾರೆ, ತಂತ್ರಾಂಶದಿಂದ ದತ್ತಾಂಶ ತೆಗೆದು ಮತ್ತೊಂದಕ್ಕೆ ತುಂಬುತ್ತಾರೆ, ಏನಾದರೂ ಕೆಟ್ಟರೆ ತಂತ್ರಾಂಶ ಮಾರಿದವರಿಗೆ ದೂರವಾಣಿ ಮಾಡಿ ಕಾಯುತ್ತಾರೆ. ಈ ಕಾಯುವಿಕೆಯಿಂದಲೇ ಕಲಿಯುವ ಆಸೆ ಹುಟ್ಟುತ್ತದೆ.

ಮೊದಲು ಮಾನ್ಯತೆಯ ವಿಚಾರ. ವಿಶ್ವವಿದ್ಯಾಲಯ ಅನುದಾನ ಆಯೋಗವು 2020ರ ಸೆಪ್ಟೆಂಬರ್‌ನಲ್ಲಿ ದೂರಶಿಕ್ಷಣ ಹಾಗೂ ಆನ್‌ಲೈನ್ ಶಿಕ್ಷಣಕ್ಕೆ ಹೊಸ ನಿಯಮಾವಳಿಯನ್ನು ಹೊರಡಿಸಿತು. ಅದರಂತೆ ಮಾನ್ಯತೆ ಪಡೆದ ಸಂಸ್ಥೆಯ ಪದವಿ ತರಗತಿಯಲ್ಲಿ ಕುಳಿತು ಪಡೆದ ಪದವಿಗೆ ಸಮಾನವೆಂದು ಆಯೋಗವೇ 2022ರ ಸೆಪ್ಟೆಂಬರ್‌ನಲ್ಲಿ ಸ್ಪಷ್ಟಪಡಿಸಿತು. ಆದ್ದರಿಂದ ಬೆಲೆಯ ಪ್ರಶ್ನೆಗೆ ಕಾನೂನಿನ ಉತ್ತರ ಇದೆ. ಆದರೆ ಅದೇ ನಿಯಮಾವಳಿಯು ಎಂಜಿನಿಯರಿಂಗ್ ಪದವಿಗಳನ್ನು ಈ ವಿಧಾನದಿಂದ ಹೊರಗಿಟ್ಟಿದೆ. ಬಿ.ಸಿ.ಎ., ಎಂ.ಸಿ.ಎ., ಬಿ.ಎಸ್ಸಿ. ಮಾಹಿತಿ ತಂತ್ರಜ್ಞಾನ ಇವುಗಳಿಗೆ ಅವಕಾಶವಿದೆ, ಮನೆಯಲ್ಲಿಯೇ ಬಿ.ಟೆಕ್. ಮಾಡಿಸುವೆವೆಂದು ಯಾರಾದರೂ ಹೇಳಿದರೆ ಅಲ್ಲಿಂದ ಎದ್ದು ಬರುವುದೇ ಲೇಸು. ಕೆಲವು ಪರಿಗಣಿತ ವಿಶ್ವವಿದ್ಯಾಲಯಗಳು 2001ರಿಂದ 2005ರ ಅವಧಿಯಲ್ಲಿ ಅಂಚೆ ಶಿಕ್ಷಣದ ಮೂಲಕ ಸೇರಿಸಿಕೊಂಡವರ ಎಂಜಿನಿಯರಿಂಗ್ ಪದವಿಗಳನ್ನು ಸರ್ವೋಚ್ಚ ನ್ಯಾಯಾಲಯ 2017ರ ನವೆಂಬರ್‌ನಲ್ಲಿ ಅಮಾನತಿನಲ್ಲಿರಿಸಿ, ಮತ್ತೆ ಪರೀಕ್ಷೆ ಬರೆಯುವಂತೆ ಮಾಡಿತು. ಅಷ್ಟರಲ್ಲಿ ಆ ಪದವಿಯ ಮೇಲೆಯೇ ಬಡ್ತಿ ಪಡೆದು ಎಷ್ಟೋ ವರ್ಷ ಕಳೆದವರು ಅವರಲ್ಲಿದ್ದರು.

ನಮ್ಮ ರಾಜ್ಯದವರಿಗೆ ಇನ್ನೂ ಹತ್ತಿರದ ಉದಾಹರಣೆಯೂ ಇದೆ. 1996ರಲ್ಲಿ ಸ್ಥಾಪನೆಯಾದ ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯಕ್ಕೆ 2013-14ರಿಂದ ಮಾನ್ಯತೆ ಇಲ್ಲವೆಂದು ಆಯೋಗವು 2015ರಲ್ಲಿ ಪ್ರಕಟಿಸಿತು. 2018ರಲ್ಲಿ ಮಾನ್ಯತೆ ಮರಳಿ ದೊರೆಯಿತು. ನಡುವಿನ ವರ್ಷಗಳ ವಿದ್ಯಾರ್ಥಿಗಳು ತಮ್ಮದಲ್ಲದ ಕಾರಣಕ್ಕೆ ಕಚೇರಿಯಿಂದ ಕಚೇರಿಗೆ ಅಲೆಯಬೇಕಾಯಿತು. ಇಂದು ಆ ವಿಶ್ವವಿದ್ಯಾನಿಲಯಕ್ಕೆ ಸೇರುವವರು ಅಂಜಬೇಕಾಗಿಲ್ಲ. ಆದರೆ ಮಾನ್ಯತೆ ಸಂಸ್ಥೆಯ ಹೆಸರಿಗಲ್ಲದೆ ನಿರ್ದಿಷ್ಟ ಕೋರ್ಸಿಗೆ, ನಿರ್ದಿಷ್ಟ ವರ್ಷಕ್ಕೆ ದೊರೆಯುವಂಥದ್ದೆಂಬುದನ್ನು ಈ ಪ್ರಸಂಗ ಕಲಿಸಿದೆ. ಆಯೋಗದ ದೂರಶಿಕ್ಷಣ ಬ್ಯೂರೋದ ಪಟ್ಟಿಯಲ್ಲಿ ಇವೆರಡನ್ನೂ ನೋಡಬೇಕು. 2024ರಿಂದ ಪ್ರತಿಯೊಬ್ಬ ವಿದ್ಯಾರ್ಥಿಯೂ ಪ್ರವೇಶಕ್ಕೆ ಮೊದಲು ಆ ಬ್ಯೂರೋದ ಗುರುತಿನ ಸಂಖ್ಯೆ ಪಡೆಯುವುದು ಕಡ್ಡಾಯವಾಗಿದೆ. ಅದನ್ನು ಮಧ್ಯವರ್ತಿಯ ಕೈಗೆ ಬಿಡದೆ ಸ್ವತಃ ಮಾಡಿಕೊಳ್ಳಬೇಕು. ಪದವಿ ಶಿಕ್ಷಣವನ್ನು ಫ್ರಾಂಚೈಸಿಗೆ ಕೊಡುವಂತಿಲ್ಲವೆಂದು ಆಯೋಗ 2022ರ ಜನವರಿಯಲ್ಲಿ ಎಚ್ಚರಿಸಿರುವುದನ್ನೂ ಇಲ್ಲಿ ನೆನೆಯಬಹುದು.

ವರ್ತಕರಿಗೆ ಒಗ್ಗುವ ಮತ್ತೊಂದು ಪರೀಕ್ಷೆ ಬಿಲ್ಲಿನಲ್ಲಿಯೇ ಇದೆ. ಕಾನೂನುಮಾನ್ಯ ಪದವಿಗಾಗಿ ಶಿಕ್ಷಣ ಸಂಸ್ಥೆ ಪಡೆಯುವ ಶುಲ್ಕಕ್ಕೆ ಜಿ.ಎಸ್.ಟಿ. ವಿನಾಯಿತಿ ಇದೆ. ಖಾಸಗಿ ತರಬೇತಿ ಕಂಪನಿ ತಾನೇ ನೀಡುವ ಪ್ರಮಾಣಪತ್ರದ ಶುಲ್ಕಕ್ಕೆ ಸಾಮಾನ್ಯವಾಗಿ ಶೇ. 18ರಷ್ಟು ತೆರಿಗೆ ಬೀಳುತ್ತದೆ. ಪದವಿಯೆಂದು ಹೇಳಿ ಕೈಗಿತ್ತ ಬಿಲ್ಲಿನಲ್ಲಿ ಶೇ. 18 ಕಂಡರೆ, ಹಣ ಯಾರಿಗೆ ಹೋಗುತ್ತಿದೆ, ಯಾವುದಕ್ಕಾಗಿ ಹೋಗುತ್ತಿದೆ ಎಂದು ಕೇಳುವುದು ಅಗತ್ಯ.

ಇನ್ನು ಗಂಟೆಗಳ ಲೆಕ್ಕ. ಬೆಳಗಾವಿಯ ಉದ್ಯಮಬಾಗದ ಯಂತ್ರಭಾಗ ತಯಾರಿಕಾ ಘಟಕವೊಂದರಲ್ಲಿ 34 ವರ್ಷದ ಮಹಿಳೆಯೊಬ್ಬರು ಲೆಕ್ಕ ಮತ್ತು ದಾಸ್ತಾನು ನೋಡಿಕೊಳ್ಳುತ್ತಿದ್ದಾರೆ, ಅವರ ವೇತನ ತಿಂಗಳಿಗೆ 26,000 ರೂ. ಎಂದಿಟ್ಟುಕೊಳ್ಳಬಹುದು. ಮೂರು ವರ್ಷದ ಪದವಿಗೆ ಆಯೋಗದ 2022ರ ಪಠ್ಯಕ್ರಮ ಚೌಕಟ್ಟು ಕನಿಷ್ಠ 120 ಕ್ರೆಡಿಟ್‌ಗಳನ್ನು ನಿಗದಿಪಡಿಸಿದೆ. ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯದ ಲೆಕ್ಕದಲ್ಲಿ ಒಂದು ಕ್ರೆಡಿಟ್ ಎಂದರೆ 30 ಗಂಟೆಗಳ ಅಧ್ಯಯನ. ಅಲ್ಲಿಗೆ ಒಟ್ಟು 3,600 ಗಂಟೆ. ಮನೆಗೆಲಸ, ಮಕ್ಕಳ ಓದು, ಬಂಧುಗಳ ಶುಭಕಾರ್ಯ ಇವೆಲ್ಲ ಕಳೆದು ವಾರಕ್ಕೆ 15 ಗಂಟೆ, ವರ್ಷಕ್ಕೆ 48 ವಾರ ಓದಿದರೂ ವರ್ಷಕ್ಕೆ ದೊರೆಯುವುದು 720 ಗಂಟೆ. ಮೂರು ವರ್ಷದ ಪದವಿಗೆ ಅವರಿಗೆ ಐದು ವರ್ಷ ಬೇಕು. ವಾರಕ್ಕೆ 15 ಗಂಟೆಯೆಂದರೆ ರಾತ್ರಿ ಊಟವಾದ ಮೇಲೆ ದಿನಕ್ಕೆ ಒಂದೂವರೆ ಗಂಟೆಯಂತೆ ಆರು ದಿನ, ಭಾನುವಾರ ಆರು ಗಂಟೆ. ಐದು ವರ್ಷದ ಭಾನುವಾರಗಳೆಂದರೆ ಸಣ್ಣ ಮೊತ್ತವಲ್ಲ.

ಇದನ್ನೇ ರೂಪಾಯಿಯಲ್ಲಿ ನೋಡಬಹುದು. ತಿಂಗಳಿಗೆ 26 ದಿನ, ದಿನಕ್ಕೆ 8 ಗಂಟೆಯಂತೆ ಅವರ ದುಡಿಮೆಯ ದರ ಗಂಟೆಗೆ 125 ರೂ. 3,600 ಗಂಟೆಗಳ ಮೌಲ್ಯ 4,50,000 ರೂ. ಶುಲ್ಕ, ಪುಸ್ತಕ, ಅಂತರಜಾಲ ಸಂಪರ್ಕ ಎಲ್ಲ ಸೇರಿ ಒಂದೂವರೆ ಲಕ್ಷ ತಗಲಿತೆಂದರೂ ಸಮಯದ ವೆಚ್ಚ ಅದರ ಮೂರು ಪಟ್ಟು. ಪ್ರಾಸ್ಪೆಕ್ಟಸ್ಸಿನಲ್ಲಿ ಅಚ್ಚಾಗುವುದು ಒಂದೂವರೆ ಲಕ್ಷ ಮಾತ್ರ. ಕಂತಿನಲ್ಲಿ ಶುಲ್ಕ ಕಟ್ಟಬಹುದೆಂಬ ಆಕರ್ಷಣೆಗೆ ಮಾರುಹೋಗಿ, ಕಂತಿನಲ್ಲಿ ಕೊಡಲಾಗದ ಗಂಟೆಗಳನ್ನು ಮರೆತವರೇ ಎರಡನೆಯ ವರ್ಷದಲ್ಲಿ ನಿಲ್ಲುತ್ತಾರೆ.

ಆದ್ದರಿಂದ ದುಡಿಯುವವರು ಆರಿಸಿಕೊಳ್ಳಬೇಕಾದದ್ದು ಬೇಗ ಮುಗಿಯುವ ಕೋರ್ಸನ್ನಲ್ಲ, ನಿಧಾನವನ್ನು ಸಹಿಸುವ ಕೋರ್ಸನ್ನು. 1985ರಲ್ಲಿ ಸಂಸತ್ತಿನ ಕಾಯಿದೆಯಿಂದ ಸ್ಥಾಪನೆಯಾದ ಇಂದಿರಾ ಗಾಂಧಿ ಮುಕ್ತ ವಿಶ್ವವಿದ್ಯಾಲಯದ ಬಿ.ಸಿ.ಎ. ಪದವಿಯನ್ನು ಮೂರರಿಂದ ಆರು ವರ್ಷಗಳಲ್ಲಿ ಮುಗಿಸಬಹುದು. ಪರೀಕ್ಷೆಗಳು ಜೂನ್ ಮತ್ತು ಡಿಸೆಂಬರ್‌ನಲ್ಲಿ ಬರುವುದರಿಂದ ಮಾರ್ಚ್ ಅಂತ್ಯದ ಲೆಕ್ಕ ಮುಕ್ತಾಯಕ್ಕೆ ಅಡ್ಡಿಯಾಗುವುದಿಲ್ಲ. ಮದ್ರಾಸ್ ಐ.ಐ.ಟಿ. 2020ರಲ್ಲಿ ಆರಂಭಿಸಿದ ದತ್ತಾಂಶ ವಿಜ್ಞಾನದ ಪದವಿ ಮತ್ತೊಂದು ಬಗೆಯದು. ಅದಕ್ಕೆ ಜೆ.ಇ.ಇ. ಬೇಕಿಲ್ಲ, ವಯೋಮಿತಿಯೂ ಇಲ್ಲ. ನಾಲ್ಕು ವಾರ ಪಾಠ ಕೇಳಿ ಅರ್ಹತಾ ಪರೀಕ್ಷೆಯಲ್ಲಿ ತೇರ್ಗಡೆಯಾದರೆ ಪ್ರವೇಶ. ಪಾಠ ಅಂತರಜಾಲದಲ್ಲಿ, ಪರೀಕ್ಷೆ ನಿಗದಿತ ಕೇಂದ್ರದಲ್ಲಿ ಖುದ್ದು ಹಾಜರಾಗಿ. ಒಂದು ವಿಷಯಕ್ಕೆ ವಾರಕ್ಕೆ ಸುಮಾರು 10 ಗಂಟೆ ಬೇಕೆಂದು ಸಂಸ್ಥೆಯೇ ಮುಂಚಿತವಾಗಿ ತಿಳಿಸುವುದು ಮೆಚ್ಚತಕ್ಕ ಪ್ರಾಮಾಣಿಕತೆ. ವಾರಕ್ಕೆ 15 ಗಂಟೆ ಇರುವವರು ಅಲ್ಲಿ ಒಂದು ಅವಧಿಗೆ ಒಂದೇ ವಿಷಯ ತೆಗೆದುಕೊಳ್ಳುವುದು ಕ್ಷೇಮ. ಪ್ರಾಥಮಿಕ ಹಂತ, ಡಿಪ್ಲೊಮಾ, ಬಿ.ಎಸ್ಸಿ., ಬಿ.ಎಸ್. ಹೀಗೆ ನಡುವೆ ಎಲ್ಲಿ ನಿಂತರೂ ಕೈಯಲ್ಲಿ ಒಂದು ಪತ್ರ ಉಳಿಯುತ್ತದೆಂಬುದು ಸಂಸಾರಸ್ಥರಿಗೆ ದೊಡ್ಡ ಅನುಕೂಲ. ಗಣಿತ ಬಿಟ್ಟು ಇಪ್ಪತ್ತು ವರ್ಷವಾದವರಿಗೆ ಮಾತ್ರ ಅಲ್ಲಿಯ ಮೊದಲ ವರ್ಷ ಕಠಿಣ. ಐ.ಐ.ಟಿ.ಗಳು 1961ರ ಪ್ರತ್ಯೇಕ ಕಾಯಿದೆಯಡಿ ಪದವಿ ನೀಡುವುದರಿಂದ ಮೇಲೆ ಹೇಳಿದ ಬ್ಯೂರೋದ ಪಟ್ಟಿಯಲ್ಲಿ ಅವುಗಳ ಹೆಸರು ಹುಡುಕಿ ಗಾಬರಿಯಾಗಬೇಕಾಗಿಲ್ಲ.

ತೆರಿಗೆಯ ಬಗ್ಗೆ ತಪ್ಪು ತಿಳಿವಳಿಕೆಗಳು ಬಹಳ. ಮಕ್ಕಳ ಬೋಧನಾ ಶುಲ್ಕಕ್ಕೆ ಸಿಗುವ ಕಡಿತ ಸ್ವಂತ ಶುಲ್ಕಕ್ಕೆ ಸಿಗುವುದಿಲ್ಲ. ಬ್ಯಾಂಕಿನಿಂದ ಶಿಕ್ಷಣ ಸಾಲ ಪಡೆದಿದ್ದರೆ ಅದರ ಬಡ್ಡಿಗೆ ಎಂಟು ವರ್ಷಗಳವರೆಗೆ ಕಡಿತವುಂಟು. 1961ರ ಕಾಯಿದೆಯ 80ಇ ಕಲಮಿನ ಈ ಸೌಲಭ್ಯ 2025ರ ಹೊಸ ಕಾಯಿದೆಯಲ್ಲಿಯೂ ಉಳಿದಿದೆ, ಆದರೆ ಹೊಸ ತೆರಿಗೆ ಪದ್ಧತಿಯನ್ನು ಆರಿಸಿಕೊಂಡವರಿಗೆ ಲಭ್ಯವಿಲ್ಲ. ಭಾವಮೈದುನನಿಂದ ತಂದ ಕೈಸಾಲದ ಬಡ್ಡಿ ಲೆಕ್ಕಕ್ಕೆ ಬಾರದು. ಸಂಸ್ಥೆಯೇ ನೌಕರರ ಶುಲ್ಕ ಕಟ್ಟಿದರೆ ಅದು ಅವರ ವೇತನದೊಡನೆ ಸೇರುವ ಸವಲತ್ತೆಂದು ಪರಿಗಣಿತವಾಗುವ ಸಂಭವವಿದೆ. ಪಾಲುದಾರರ ಮಗನ ಶುಲ್ಕವನ್ನು ವ್ಯಾಪಾರದ ಖರ್ಚಿಗೆ ಹಾಕುವ ರೂಢಿಯಂತೂ ತೆರಿಗೆ ನಿರ್ಧಾರಣೆಯ ವೇಳೆ ಸುಲಭವಾಗಿ ದಾಟುವುದಿಲ್ಲ. ಮಗ ಸಂಸ್ಥೆಯಲ್ಲಿ ನಿಜವಾಗಿ ದುಡಿಯುತ್ತಿದ್ದು, ಕಲಿಕೆಗೂ ವ್ಯಾಪಾರಕ್ಕೂ ಇರುವ ಸಂಬಂಧ ಕಾಗದದ ಮೇಲೆ ಮೊದಲೇ ಇದ್ದಲ್ಲಿ ಮಾತ್ರ ವಾದಕ್ಕೆ ಆಧಾರವಿರುತ್ತದೆ.

ಪದವಿ ಬಂದ ಮೇಲೆ ಬಿಟ್ಟುಹೋದರೆ ಎಂಬ ಭಯಕ್ಕೆ ಮಾಲೀಕರು ಹುಡುಕುವ ಮದ್ದು ಬಾಂಡ್. ವಿಜಯಾ ಬ್ಯಾಂಕ್ ಪ್ರಕರಣದಲ್ಲಿ ಮೂರು ವರ್ಷ ಸೇವೆ ಸಲ್ಲಿಸಬೇಕು, ತಪ್ಪಿದರೆ 2 ಲಕ್ಷ ರೂ. ಕೊಡಬೇಕು ಎಂಬ ಷರತ್ತನ್ನು ಸರ್ವೋಚ್ಚ ನ್ಯಾಯಾಲಯ 2025ರ ಮೇ ತಿಂಗಳಲ್ಲಿ ಎತ್ತಿಹಿಡಿದಿರುವುದು ನಿಜ. ಆದರೆ ಅದು ನೇಮಕಾತಿಗೆ ಸಾರ್ವಜನಿಕ ಹಣ ವೆಚ್ಚ ಮಾಡಿದ ಸರ್ಕಾರಿ ಬ್ಯಾಂಕು. ಹತ್ತು ಜನರ ಘಟಕವು ತಾನು ಕಟ್ಟಿದ ಶುಲ್ಕಕ್ಕೆ ಸರಿಹೊಂದುವ ಮೊತ್ತವನ್ನಷ್ಟೇ ಬರೆಸಿಕೊಂಡು, ವರ್ಷ ಕಳೆದಂತೆ ಅದು ಇಳಿಯುವಂತೆ ಮಾಡಿದರೆ ಒಪ್ಪಂದ ನಿಲ್ಲುವ ಸಾಧ್ಯತೆ ಹೆಚ್ಚು. ಮೂಲ ಅಂಕಪಟ್ಟಿಗಳನ್ನು ಬೀರುವಿನಲ್ಲಿ ಬೀಗ ಹಾಕಿ ಇಟ್ಟುಕೊಳ್ಳುವುದು ಮರ್ಯಾದಸ್ಥರ ವ್ಯವಹಾರವಲ್ಲ.

ಅದಕ್ಕಿಂತ ಮುಖ್ಯವಾದುದು, ಕಲಿತವರಿಗೆ ಸಂಸ್ಥೆಯಲ್ಲಿ ಕಲಿತದ್ದಕ್ಕೆ ತಕ್ಕ ಕೆಲಸವಿದೆಯೇ ಎಂಬುದು. ಸಣ್ಣ ಘಟಕ ಸ್ವಂತ ತಂತ್ರಾಂಶ ಬರೆಸಲು ಹೊರಡುವುದು ಬಹುಮಟ್ಟಿಗೆ ದುಂದು. ಬರೆದವರು ಹೋದ ದಿನ ಅದು ಯಾರಿಗೂ ಅರ್ಥವಾಗದ ಗಂಟಾಗುತ್ತದೆ. ಆದರೆ ಉದ್ಯಮಬಾಗದ ಆ ಮಹಿಳೆ ಎರಡನೆಯ ವರ್ಷದಲ್ಲಿ ದತ್ತಾಂಶ ಸಂಗ್ರಹದ ಪಾಠ ಮುಗಿಸಿದರೆಂದರೆ, ಎರಡು ದಿನ ಹಿಡಿಯುತ್ತಿದ್ದ 2ಬಿ ತಾಳೆಯನ್ನು ಕೆಲವೇ ಗಂಟೆಗಳಲ್ಲಿ ಮುಗಿಸಬಲ್ಲರು. ಬಾರದ ಹುಟ್ಟುವಳಿ ತೆರಿಗೆ ಜಮೆಯನ್ನು ಸರಬರಾಜುದಾರರಿಗೆ ಹಣ ಕೊಡುವ ಮೊದಲೇ ತೋರಿಸಬಲ್ಲರು. ತಂತ್ರಾಂಶ ಮಾರುವವರು ಬಂದಾಗ, ನಮ್ಮ ದತ್ತಾಂಶವನ್ನು ನಾವೇ ಹೊರತೆಗೆಯಲು ಸಾಧ್ಯವೇ, ಬ್ಯಾಕಪ್ ಎಲ್ಲಿರುತ್ತದೆ ಎಂದು ಕೇಳಬಲ್ಲರು. ಸರಬರಾಜುದಾರರ ಹೆಸರಿನಲ್ಲಿ ಬ್ಯಾಂಕ್ ಖಾತೆ ಬದಲಾಗಿದೆಯೆಂಬ ಇ-ಮೇಲ್ ಬಂದರೆ ಅದನ್ನು ಅನುಮಾನಿಸಬಲ್ಲರು. ಗಣಕಯಂತ್ರ ಜಾಲದ ಮೇಲೆ ದಾಳಿ ನಡೆದರೆ 6 ಗಂಟೆಯೊಳಗೆ ಸರ್ಟ್-ಇನ್ ಸಂಸ್ಥೆಗೆ ವರದಿ ಮಾಡಬೇಕೆಂಬ 2022ರ ಆದೇಶ ಇದೆಯೆಂಬುದೇ ಎಷ್ಟೋ ಘಟಕಗಳಿಗೆ ತಿಳಿದಿಲ್ಲ. ಈ ಕೆಲಸಗಳನ್ನು ಕೊಟ್ಟು ಅದಕ್ಕೆ ತಕ್ಕ ವೇತನ ಹೆಚ್ಚಿಸಿದಲ್ಲಿ ಬಾಂಡಿನ ಅಗತ್ಯ ಕಡಿಮೆಯಾಗುತ್ತದೆ. ಪದವಿಯ ನಂತರವೂ ಬರೀ ಬಿಲ್ ಹೊಡೆಯಲು ಕೂರಿಸಿದರೆ ಅವರು ಹೋಗುತ್ತಾರೆ, ಹೋಗಬೇಕಾದದ್ದೂ ನ್ಯಾಯವೇ.

ಒಪ್ಪಿಗೆ ಕೊಡುವ ಮುನ್ನ ಮಾಲೀಕರು ಅವರೊಡನೆ ಕುಳಿತು ವರ್ಷದ ತಾರೀಖು ಪಟ್ಟಿಯನ್ನು ಬರೆಯುವುದು ಒಳಿತು. ತಿಂಗಳ 11ಕ್ಕೆ ಜಿ.ಎಸ್.ಟಿ.ಆರ್.-1, 20ಕ್ಕೆ 3ಬಿ, ಮಾರ್ಚ್ ಅಂತ್ಯದ ದಾಸ್ತಾನು ಎಣಿಕೆ, ದೀಪಾವಳಿಯ ಹಿಂದಿನ ವಾರಗಳ ಸರಕು ರವಾನೆ ಇವು ಒಂದು ಸಾಲಿನಲ್ಲಿ. ಪರೀಕ್ಷೆ ಹಾಗೂ ಅಸೈನ್‌ಮೆಂಟ್ ಒಪ್ಪಿಸುವ ದಿನಗಳು ಮತ್ತೊಂದು ಸಾಲಿನಲ್ಲಿ. ಎರಡು ಸಾಲುಗಳು ಎಲ್ಲಿ ಡಿಕ್ಕಿ ಹೊಡೆಯುತ್ತವೆಯೋ ಅಲ್ಲಿ ಅವರ ಬದಲು ಕೆಲಸ ಮಾಡುವವರು ಯಾರೆಂದು ಆಗಲೇ ಬರೆದಿಡಬೇಕು. ಹಾಗೆ ಬರೆಯಲು ಕುಳಿತ ಅನೇಕ ಮಾಲೀಕರಿಗೆ ಜಿ.ಎಸ್.ಟಿ. ಪೋರ್ಟಲಿನ ಪಾಸ್‌ವರ್ಡ್ ಆ ಒಬ್ಬರ ಹೊರತು ಮತ್ತಾರಿಗೂ ಗೊತ್ತಿಲ್ಲವೆಂಬುದು ಮೊದಲ ಬಾರಿಗೆ ತಿಳಿದುಬರುವುದುಂಟು.