ನಳ ಎಲ್ಲರ ಮನೆಗೂ ಐತಿ, ನೀರು?

ಧಾರವಾಡದಲ್ಲಿ ಬಾಡಿಗೆ ಮನೆ ಹುಡುಕುವಾಗ ಬಾಡಿಗೆ ಎಷ್ಟು ಅನ್ನೋದು ಎರಡನೇ ಪ್ರಶ್ನೆ. ಮೊದಲನೇದು, "ನೀರ ಎಷ್ಟ ದಿನಕ್ಕೊಮ್ಮೆ ಬರ್ತೈತ್ರಿ?" ದೇಗಾಂವದಿಂದ ನೌಕರಿಗೆ ಅಂತ ಬಂದ ನಾನೂ ಅದನ್ನೇ ಕೇಳಿದೆ.

ತಮಾಷೆ ಅಂದ್ರೆ ಆ ನೀರು ನಮ್ಮ ಕಡೆಯಿಂದಲೇ ಬರೋದು. ಮಲಪ್ರಭೆ ಕಣಕುಂಬಿಯಲ್ಲಿ ಹುಟ್ಟಿ, ಖಾನಾಪುರ, ಎಂ.ಕೆ. ಹುಬ್ಬಳ್ಳಿ ದಾಟಿ ಸವದತ್ತಿಯ ನವಿಲುತೀರ್ಥ ಅಣೆಕಟ್ಟಿನಲ್ಲಿ ನಿಲ್ಲುತ್ತದೆ. ಅಲ್ಲಿಂದ ಪಂಪ್ ಮಾಡಿ, ಅಮ್ಮಿನಭಾವಿಯಲ್ಲಿ ಶುದ್ಧ ಮಾಡಿ, ಈ ಗುಡ್ಡದ ಊರಿಗೆ ಏರಿಸುತ್ತಾರೆ.

2008ರ ಹೊತ್ತಿಗೆ ವಿಶ್ವಬ್ಯಾಂಕ್ ನೆರವಿನ ಯೋಜನೆಯಲ್ಲಿ ಹುಬ್ಬಳ್ಳಿ-ಧಾರವಾಡ, ಬೆಳಗಾವಿ, ಕಲಬುರಗಿಯ ಕೆಲವೇ ವಾರ್ಡುಗಳಿಗೆ 24 ತಾಸೂ ನೀರು ಬಂತು. ಒಂದು ಓಣಿಯವರು ಕೊಡ ತುಂಬಿಡೋದನ್ನೇ ಮರೆತರು. ಪಕ್ಕದ ಓಣಿಯವರು ಡ್ರಮ್ ಕೊಳ್ಳುತ್ತಲೇ ಇದ್ದರು. ಯೋಜನೆ ಆಮೇಲೆ ಹಿಗ್ಗಿತು, ಆದರೆ ಆಮೆನಡಿಗೆ.

ದಿನ ಬಿಟ್ಟು ಬರುವ ನೀರಿನಲ್ಲಿ ಅಸಲಿ ಭೇದ ಸಂಪಿನದು. ಸಂಪು, ಮೋಟರ್, ಮ್ಯಾಲೆ ಸಿಂಟೆಕ್ಸ್ ಇದ್ದವರಿಗೆ ವಾರಕ್ಕೊಮ್ಮೆ ಬಂದರೂ ದಿನಾ ಬಂದಂಗೆ. ಒಂದೇ ಖೋಲಿಯ ಮನೆಯಲ್ಲಿ ಡ್ರಮ್ ಇಟ್ಟರೆ ಮಲಗಲು ಜಾಗ ಇಲ್ಲ. ನಡುರಾತ್ರಿ ನೀರು ಬಿಟ್ಟರೆ ನಿದ್ದೆ ಹೋಯ್ತು, ಹಗಲು ಬಿಟ್ಟರೆ ಪಗಾರ ಹೋಯ್ತು. ಎರಡೂ ಸಾಮಾನ್ಯವಾಗಿ ಹೆಣ್ಣುಮಕ್ಕಳದ್ದೇ.

ಏರು ಬೇರೆ. ಹತ್ತು ಮೀಟರ್ ಎತ್ತರಕ್ಕೆ ಸುಮಾರು ಒಂದು ಕೆಜಿ ಒತ್ತಡ ಇಳಿಯುತ್ತದೆ. ಕೆಳಗಿನವರು ಲೈನಿಗೇ ಮೋಟರ್ ಹಚ್ಚಿದರೆ ಮೇಲಿನ ನಳ ಬರೀ ಗಾಳಿ ಊದುತ್ತದೆ. ಖಾಲಿ ಪೈಪು ಒಡೆದ ಕಡೆಯಿಂದ ಗಟಾರದ ನೀರನ್ನೂ ಎಳೆಯುತ್ತದೆ. ಹುಬ್ಬಳ್ಳಿ-ಧಾರವಾಡದ್ದೇ ಮನೆಗಳನ್ನು ಹೋಲಿಸಿ 2015ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಮಕ್ಕಳ ಒಟ್ಟಾರೆ ಭೇದಿಯಲ್ಲಿ ದೊಡ್ಡ ವ್ಯತ್ಯಾಸ ಕಾಣಲಿಲ್ಲ. ಆದರೆ ನಿರಂತರ ನೀರಿದ್ದ ಬಡ ಮನೆಗಳಲ್ಲಿ ರಕ್ತಭೇದಿ ಕಡಿಮೆ ಇತ್ತು. ನನಗೆ ಆ ಒಂದು ಸಾಲೇ ಸಾಕೆನಿಸಿತು.

ನಮ್ಮ ಓಣಿ ಏರಿನಲ್ಲಿದೆ. ಕಳೆದ ಬೇಸಿಗೆಯಲ್ಲಿ ಮೇಲಿನ ಮನೆಯ ಅಜ್ಜಿ ಕೆಳಗಿನವರ ಬಾಗಿಲು ಬಡಿದು, "ಮೊದಲ ತಾಸು ಮೋಟರ್ ಹಚ್ಚಬ್ಯಾಡ್ರಿ ಯಪ್ಪಾ, ನಮ್ಮ ಕೊಡ ತುಂಬಲಿ" ಅಂದ್ರು. ಬಹಳಷ್ಟು ಮಂದಿ ಒಪ್ಪಿದರು. ಆ ತಾಸಿನಲ್ಲಿ ಈಗ ಮೇಲಿನ ಆರು ಮನೆಗೂ ನೀರು ಮುಟ್ಟುತ್ತದೆ. ಕೆಳಗಿನ ಒಂದು ಮನೆಯವರು ಮಾತ್ರ ಇನ್ನೂ ಒಪ್ಪಿಲ್ಲ. ಅವರ ಮೋಟರ್ ಸದ್ದು ನಮಗೆಲ್ಲ ಕೇಳಿಸುತ್ತದೆ.