ಸೆಲೆಕ್ಷನ್‌ಗಲ್ಲದ ಓಟ

ನಮ್ಮ ಕುಂಸಿಯಲ್ಲಿ ಬೆಳಿಗ್ಗೆ ಬೆಳಿಗ್ಗೆ ಯಾರಾದರೂ ಓಡುತ್ತಿದ್ದರೆ ಅವರು ಒಂದೋ ಪೊಲೀಸ್ ಕೆಲಸಕ್ಕೆ ತಯಾರಾಗುತ್ತಿರುತ್ತಾರೆ, ಇಲ್ಲವೇ ಸೇನೆಗೆ. ಎರಡೂ ಅಲ್ಲದಿದ್ದರೆ ಶಿವಮೊಗ್ಗದ ಬಸ್ಸು ಹೊರಟಿರುತ್ತದೆ. ಹಾಗಾಗಿ ಯಾವ ಅರ್ಜಿಯನ್ನೂ ಹಾಕದ ನನ್ನನ್ನು ಹಿರಿಯರು ತಡೆದು ಕೇಳುವ ಪ್ರಶ್ನೆ ಒಂದೇ: ‘ಯಾವ ಸೆಲೆಕ್ಷನ್ನಿಗೆ ಮಗಾ?’ ‘ಯಾವುದಕ್ಕೂ ಅಲ್ಲ ಅಜ್ಜ, ಸುಮ್ನೆ’ ಎಂದರೆ ನಂಬುವುದಿಲ್ಲ. ಬಿಇ ಓದುವ ಹುಡುಗಿ ಸುಮ್ಮನೆ ಹನ್ನೆರಡು ಕಿಲೋಮೀಟರ್ ಯಾಕೆ ಓಡಬೇಕು?

ಅವರು ಕೇಳುವುದರಲ್ಲಿ ತಪ್ಪಿಲ್ಲ. ನಮ್ಮ ಕಡೆ ಓಟವೆಂದರೆ ಪರೀಕ್ಷೆ. ಕಾನ್‌ಸ್ಟೆಬಲ್ ನೇಮಕಾತಿಯ ದೈಹಿಕ ಪರೀಕ್ಷೆಯಲ್ಲಿ ಹುಡುಗರು 1600 ಮೀಟರನ್ನು ಆರೂವರೆ ನಿಮಿಷದೊಳಗೆ, ಹುಡುಗಿಯರು 400 ಮೀಟರನ್ನು 2 ನಿಮಿಷದೊಳಗೆ ಮುಗಿಸಬೇಕು. ಒಂದು ಸೆಕೆಂಡ್ ತಡವಾದರೂ ತಿಂಗಳುಗಟ್ಟಲೆ ಪಟ್ಟ ಕಷ್ಟ ವ್ಯರ್ಥ. ಈ ಓಟದ ಬಗ್ಗೆ ನನಗೆ ಗೌರವವಿದೆ. ಎಷ್ಟೋ ಮನೆಗಳ ಅನ್ನ ಅದರಲ್ಲಿದೆ. ಆದರೆ ಓಟಕ್ಕೆ ಇನ್ನೊಂದು ಮುಖವೂ ಇದೆ. ಹಾಡುವುದು, ಚಿತ್ರ ಬಿಡಿಸುವುದು, ಕಥೆ ಬರೆಯುವುದು ಹೇಗೆ ಸೃಷ್ಟಿಯೋ ದೂರದ ಓಟವೂ ಹಾಗೆಯೇ ಎಂಬುದು ನನ್ನ ಅನುಭವ.

ಅದು ಹೇಗೆ? 400 ಮೀಟರ್‌ನಲ್ಲಿ ಹೆಚ್ಚು ಯೋಚಿಸಲು ಜಾಗವಿಲ್ಲ, ಇದ್ದ ಬಲವನ್ನೆಲ್ಲ ಹಾಕಬೇಕು. ದೂರ ಹೆಚ್ಚಿದಂತೆ ಆಯ್ಕೆಗಳು ಶುರುವಾಗುತ್ತವೆ. ನಮ್ಮ ಸ್ನಾಯುಗಳಲ್ಲೂ ಯಕೃತ್ತಿನಲ್ಲೂ ಗ್ಲೈಕೋಜೆನ್ ರೂಪದಲ್ಲಿರುವ ಶಕ್ತಿ ಮಿತವಾದದ್ದು. ಮ್ಯಾರಥಾನ್‌ನ ದೂರ 42.195 ಕಿ.ಮೀ., ಅಂದರೆ ಶಿವಮೊಗ್ಗದಿಂದ ಹೊರಟು ಕುಂಸಿ ದಾಟಿ ಆನಂದಪುರದ ಸಮೀಪಕ್ಕೆ ಬರುವಷ್ಟು. ಆರಂಭದಲ್ಲೇ ಜೋರು ಮಾಡಿದವರಿಗೆ 30 ಕಿ.ಮೀ. ಆಸುಪಾಸಿನಲ್ಲಿ ಕಾಲು ಕಲ್ಲಾಗುತ್ತದೆ. ಎಲ್ಲಿ ಉಳಿಸಬೇಕು, ಎಲ್ಲಿ ಖರ್ಚು ಮಾಡಬೇಕು ಎಂದು ಓಡುತ್ತಲೇ ತೀರ್ಮಾನಿಸಬೇಕು. ಮಲೆನಾಡಿನ ನಮಗೆ ಇದು ಹೊಸದಲ್ಲ. ಬೆಳಗಿನವರೆಗೆ ಯಕ್ಷಗಾನ ನಡೆಸುವ ಭಾಗವತರು ಮೊದಲ ಪದ್ಯಕ್ಕೇ ಗಂಟಲನ್ನೆಲ್ಲ ಸುರಿಯುವುದಿಲ್ಲ. ಯುದ್ಧದ ಸನ್ನಿವೇಶಕ್ಕೆ ಚೆಂಡೆ ಏರಬೇಕಾದರೆ ಅದಕ್ಕೂ ಮೊದಲು ಎಲ್ಲೋ ಇಳಿದಿರಬೇಕು. ಓಟಗಾರರೂ ಹೀಗೆ ತಮ್ಮ ಲಯವನ್ನು ತಾವೇ ಕಟ್ಟಿಕೊಳ್ಳುತ್ತಾರೆ.

ಚೋರಡಿ ಕಡೆಗೆ ಓಡಿದರೆ ಕುಮುದ್ವತಿ ಹೊಳೆಯ ಸೇತುವೆ ಸಿಗುತ್ತದೆ. ಆಯನೂರಿನ ಕಡೆಗೆ ಹೊರಟರೆ ಹೆದ್ದಾರಿಯ ಲಾರಿಗಳ ಸದ್ದು. ಜುಲೈ ಮಳೆಯಲ್ಲಿ ಹೆಜ್ಜೆ ಗಿಡ್ಡವಾಗುತ್ತದೆ, ಮಾಗಿಯ ಚಳಿಯಲ್ಲಿ ಉಸಿರು ಬಿಸಿಯಾಗಲು ಎರಡು ಕಿಲೋಮೀಟರ್ ಬೇಕು. ರಸ್ತೆ ಅದೇ ಆದರೂ ಒಂದು ದಿನದ ಓಟ ಇನ್ನೊಂದು ದಿನದಂತೆ ಇರುವುದಿಲ್ಲ. ಇಂಟರ್ನಲ್ಸ್ ಕೆಟ್ಟದಾಗಿ ಆದ ವಾರ ನನ್ನ ಓಟದಲ್ಲಿ ಸಿಟ್ಟಿರುತ್ತದೆ. ನಾಲ್ಕನೇ ಕಿಲೋಮೀಟರ್ ಹೊತ್ತಿಗೆ ಅದು ಕರಗಿ ಬೇರೇನೋ ಆಗುತ್ತದೆ. ಮಾತಿನಲ್ಲಿ ಹೇಳಲಾಗದ್ದನ್ನು ಕಾಲು ಹೇಳುತ್ತದೆ.

ಜಪಾನಿನ ಕಾದಂಬರಿಕಾರ ಹರುಕಿ ಮುರಕಾಮಿ ಓಡಲು ಶುರು ಮಾಡಿದ್ದು 1982ರಲ್ಲಿ, 33ನೇ ವಯಸ್ಸಿನಲ್ಲಿ. 1996ರಲ್ಲಿ ಅವರು 100 ಕಿ.ಮೀ. ಓಟವನ್ನೂ ಮುಗಿಸಿದರು. ಕಾದಂಬರಿ ಬರೆಯುವುದರ ಬಗ್ಗೆ ತಾನು ಬಲ್ಲದ್ದರಲ್ಲಿ ಹೆಚ್ಚಿನದನ್ನು ದಿನವೂ ಓಡುತ್ತಲೇ ಕಲಿತೆ ಎಂಬರ್ಥದಲ್ಲಿ ಅವರು ಬರೆದಿದ್ದಾರೆ. ಈಗಿನವರು ಮೊಬೈಲಿನ ಜಿಪಿಎಸ್ ಆನ್ ಮಾಡಿ, ಊರಿನ ಬೀದಿಗಳಲ್ಲಿ ಲೆಕ್ಕ ಹಾಕಿ ತಿರುಗಿ, ನಕ್ಷೆಯ ಮೇಲೆ ಆನೆ, ನವಿಲುಗಳನ್ನು ಬಿಡಿಸುವುದೂ ಉಂಟು.

ದೂರದ ಓಟ ಬೆಂಗಳೂರಿನ ಐಟಿಯವರ ಶೋಕಿ ಎಂದುಕೊಂಡವರಿಗೆ ಒಂದು ಹಳೆಯ ಮಾತು ಹೇಳಬೇಕು. 1920ರ ಆಂಟ್‌ವರ್ಪ್ ಒಲಿಂಪಿಕ್ಸ್‌ನ ಮ್ಯಾರಥಾನ್‌ನಲ್ಲಿ ಭಾರತದ ಪರವಾಗಿ ಓಡಿದವರಲ್ಲಿ ಬೆಳಗಾವಿಯ ಫಡೆಪ್ಪ ದರೆಪ್ಪ ಚೌಗುಲೆ ಒಬ್ಬರು. ಅವರಿಗೆ ಬಂದದ್ದು 19ನೇ ಸ್ಥಾನ. ಪದಕವಿಲ್ಲ. ಆದರೂ ನೂರು ವರ್ಷಗಳಾದ ಮೇಲೆ ಆ ಓಟವನ್ನು ನೆನೆಯುತ್ತಿದ್ದೇವೆ.

ಹುಡುಗಿಯರ ಪಾಲಿಗೆ ಈ ರಸ್ತೆ ತಡವಾಗಿ ತೆರೆಯಿತು. ಒಲಿಂಪಿಕ್ಸ್‌ನಲ್ಲಿ ಪುರುಷರ ಮ್ಯಾರಥಾನ್ 1896ರಲ್ಲೇ ಇತ್ತು. ಮಹಿಳೆಯರಿಗೆ ಅವಕಾಶ ಸಿಕ್ಕಿದ್ದು 1984ರಲ್ಲಿ, 88 ವರ್ಷಗಳ ನಂತರ. ಇಂದಿಗೂ ನಾನು ಬೆಳಕು ಹರಿಯುವವರೆಗೆ ಕಾಯಬೇಕು, ಅಮ್ಮನಿಗೆ ಎಲ್ಲಿವರೆಗೆ ಹೋಗುತ್ತೇನೆಂದು ಹೇಳಿ ಹೊರಡಬೇಕು. ಕೆಲಸಕ್ಕಾಗಿ ಓಡುತ್ತೇನೆಂದರೆ ಊರು ಒಪ್ಪುತ್ತದೆ, ನನಗಾಗಿ ಓಡುತ್ತೇನೆಂದರೆ ವಿವರಣೆ ಕೇಳುತ್ತದೆ. ಆದ್ದರಿಂದಲೇ ಆ ‘ಸುಮ್ನೆ’ ನನಗೆ ಮುಖ್ಯ.

ಕೆಲಸ ಸಿಗದೆ ಒದ್ದಾಡುವವರಿಗೆ ಇದೆಲ್ಲ ಹೊಟ್ಟೆ ತುಂಬಿದವರ ಮಾತು ಅನ್ನಿಸಬಹುದು. ನಮ್ಮ ಬೀದಿಯ ಅಣ್ಣ ಒಬ್ಬರು ನಾಲ್ಕು ವರ್ಷ ಪೊಲೀಸ್ ಕೆಲಸಕ್ಕೆ ಪ್ರಯತ್ನಿಸಿದರು. ವಯೋಮಿತಿ ಮೀರಿದ ದಿನದಿಂದ ಶೂ ಅಟ್ಟ ಸೇರಿತು. ಆರು ತಿಂಗಳ ನಂತರ ಅವರೇ ಇಳಿಸಿಕೊಂಡರು. ಈಗ ಅಡಿಕೆ ಮಂಡಿಯ ಕೆಲಸಕ್ಕೆ ಹೋಗುವ ಮುಂಚೆ ಎಂಟು ಕಿಲೋಮೀಟರ್ ಓಡುತ್ತಾರೆ. ‘ಆಗ ನಾನು ವಾಚ್ ನೋಡ್ತಾ ಓಡ್ತಿದ್ದೆ, ದಾರಿ ನೋಡೇ ಇರ್ಲಿಲ್ಲ’ ಎಂದು ಒಮ್ಮೆ ಹೇಳಿದರು. ಪರೀಕ್ಷೆ ಅವರಿಂದ ಕೆಲಸವನ್ನು ತಪ್ಪಿಸಿತು, ಓಟವನ್ನು ತಪ್ಪಿಸಲಾಗಲಿಲ್ಲ.

ಪರೀಕ್ಷೆಗೆ ತಯಾರಾಗುತ್ತಿರುವ ಗೆಳೆಯ ಗೆಳತಿಯರೇ, ವಾರವೆಲ್ಲ ಗಡಿಯಾರಕ್ಕಾಗಿ ಓಡಿ. ಒಂದು ಭಾನುವಾರ ಮಾತ್ರ ವಾಚನ್ನು ಮನೆಯಲ್ಲಿಟ್ಟು, ಪಕ್ಕದವರ ಜೊತೆ ಮಾತಾಡಲು ಆಗುವಷ್ಟು ನಿಧಾನವಾಗಿ, ಎಂದೂ ಹೋಗದ ದಾರಿಯಲ್ಲಿ ಹೋಗಿಬನ್ನಿ. ಅಂಕ, ಕಟ್‌ಆಫ್, ಪ್ಯಾಕೇಜ್ ಎಂದು ನಮ್ಮನ್ನು ಬೇರೆಯವರು ಅಳೆಯುವ ಈ ವಯಸ್ಸಿನಲ್ಲಿ, ಯಾರೂ ಅಳೆಯದ ಒಂದು ಗಂಟೆಯನ್ನಾದರೂ ನಾವೇ ಮಾಡಿಕೊಳ್ಳಬೇಕು. ಅದಕ್ಕೆ ಅರ್ಜಿ ಶುಲ್ಕವೂ ಇಲ್ಲ, ಕೊನೆಯ ದಿನಾಂಕವೂ ಇಲ್ಲ.