ಮಗ್ಗದ ಗುಣಿಯಿದ್ದ ಹುಲ್ಲುಮನೆ

ಚಳ್ಳಕೆರೆ, ಮೊಳಕಾಲ್ಮೂರು ಸೀಮೆಯ ಹಳೆಯ ಮನೆಗಳೆಂದೊಡನೆ ಸವುಳು ಮಣ್ಣಿನ ಮಾಳಿಗೆಗಳು ಕಣ್ಣಮುಂದೆ ನಿಲ್ಲುತ್ತವೆ. ಮಳೆ ಅತಿ ವಿರಳವಾದ ಈ ನಾಡಿಗೆ ಅವು ಒಪ್ಪುವಂಥವೇ. ಆದರೆ ಕರಿಕಂಬಳಿ ನೇಯುವ ಹಾಲುಮತದ ಬಂಧುಗಳಲ್ಲಿ ಹಲವರು ಹುಲ್ಲು ಹೊದಿಸಿದ ಮನೆಗಳಲ್ಲಿ ಬಾಳಿದವರು. ನಮ್ಮ ಮಂಗಳಕಾರ್ಯಗಳಲ್ಲಿ ಗದ್ದುಗೆಗೆ ಹಾಸುವ ಕಂಬಳಿ ಇಂತಹ ಮನೆಗಳಿಂದಲೇ ಬರುತ್ತಿತ್ತು. ಚಳ್ಳಕೆರೆಗೆ ಸಮೀಪದ ಹಳ್ಳಿಯೊಂದರಲ್ಲಿ ಉಳಿದಿದ್ದ ಅಂತಹ ಒಂದು ಮನೆಯನ್ನು ನಾವು ಈಚೆಗೆ ನೋಡಿ ಬಂದೆವು. ಅಲ್ಲಿ ಮಗ್ಗ ನಿಂತು ಬಹಳ ಕಾಲವಾಗಿದೆ.

ಸೂರು ತೀರ ತಗ್ಗು, ತಲೆಬಾಗದೆ ಒಳಹೋಗುವಂತಿಲ್ಲ. ಎದೆಯೆತ್ತರದ ಮಣ್ಣಿನ ಗೋಡೆ, ನಡುವೆ ಎರಡು ಕವೆಗಂಬ, ಅವುಗಳ ಮೇಲೆ ಉದ್ದನೆಯ ನಡುದೊಲೆ. ತೊಲೆಯಿಂದ ಇಳಿಬಿಟ್ಟ ಗಳಗಳಿಗೆ ನಾರಿನಿಂದ ಕಟ್ಟಿದ ಹುಲ್ಲಿನ ಹೊದಿಕೆ. ಒಳಗೆ ಒಂದು ಮೂಲೆಯಲ್ಲಿ ಒಲೆ, ಇನ್ನೊಂದರಲ್ಲಿ ದೇವರ ಜಗಲಿ. ಬಾಗಿಲ ಬೆಳಕು ಬೀಳುವ ಎಡೆಯಲ್ಲಿ ಮಂಡಿಯುದ್ದದ ಗುಣಿ. ಮನೆಯ ಅತ್ಯುತ್ತಮ ಬೆಳಕನ್ನು ಮಗ್ಗಕ್ಕೆ ಬಿಟ್ಟುಕೊಟ್ಟು ಮನೆಯವರು ಉಳಿದ ನಸುಗತ್ತಲೆಯಲ್ಲಿ ಬಾಳಿದರೆಂಬುದು ನಮಗೆ ಅಲ್ಲಿ ನಿಂತಾಗಲೇ ಹೊಳೆದದ್ದು.

ಗುಣಿಯ ಅಂಚಿನಲ್ಲಿ ನೆಲದ ಮೇಲೆಯೇ ಕುಳಿತು, ಕಾಲನ್ನು ಒಳಗೆ ಇಳಿಬಿಟ್ಟು ಹಲಗೆ ತುಳಿಯುತ್ತ ನೇಯುವುದು ಗುಣಿಮಗ್ಗದ ಕ್ರಮ. ನೆಲದೊಳಗಿನ ತಂಪಿನಿಂದ ನೂಲಿಗೆ ತೇವ ಸಿಗುತ್ತದೆ. ಒಣಗಾಳಿಗೆ ಹಾಸಿನ ಎಳೆ ಪಟಪಟನೆ ಹರಿಯುವುದು ತಪ್ಪುತ್ತದೆ. ಬಿಸಿಲನ್ನು ತಡೆಯುವ ಹುಲ್ಲಿನ ಮಾಡೂ ಇದೇ ಕೆಲಸಕ್ಕೆ ನೆರವಾಗುತ್ತಿತ್ತು. ಮಗ್ಗದ ಮೇಲುಭಾಗವನ್ನು ಮಾಡಿನ ಅಡ್ಡಗಳಕ್ಕೆ ತೂಗುಬಿಡುತ್ತಿದ್ದರಾದ್ದರಿಂದ ಗಳಗಳು ಮಾಡನ್ನಷ್ಟೇ ಅಲ್ಲ, ಕಾಯಕವನ್ನೂ ಹೊತ್ತಿದ್ದವು. ಹುಣಿಸೆಬೀಜದ ಗಂಜಿಯನ್ನು ಹಾಸಿಗೆ ಬಳಿದು ಒಣಗಿಸಲು ಮನೆಯ ಮುಂದಣ ಬಯಲು ಬೇಕಿತ್ತು. ಆ ಬಯಲೂ ಮನೆಯ ಒಂದು ಕೋಣೆಯೆಂದೇ ಎಣಿಸಬೇಕು.

ಮುದನೂರಿನ ಜೇಡರ ದಾಸಿಮಯ್ಯನವರು ಶ್ರಮದಿಂದ ನೇಯ್ದ ವಸ್ತ್ರವನ್ನು ಮುದಿಜಂಗಮನಿಗೆ ಕೊಟ್ಟ ಕಥೆಯನ್ನು ನಾವು ಪುರಾಣಪ್ರವಚನಗಳಲ್ಲಿ ಎಷ್ಟೋ ಸಲ ಹೇಳಿದ್ದೇವೆ. ಆ ವಸ್ತ್ರ ಹುಟ್ಟಿದ ಮನೆ ಹೇಗಿತ್ತೆಂದು ಒಮ್ಮೆಯೂ ವಿಚಾರಿಸಲಿಲ್ಲ. ಒಲೆ, ಜಗಲಿ, ಮಗ್ಗ ಮೂರೂ ಒಂದೇ ಮಾಡಿನಡಿ ಕೈಯಳತೆಯಲ್ಲಿದ್ದ ಮನೆಯಲ್ಲಿ ಕಾಯಕವೆಂಬುದು ಬರಿಯ ಮಾತಾಗಿರಲಾರದು.

ಹುಲ್ಲುಮನೆಯನ್ನು ಹೊಗಳಿ ಬಡತನವನ್ನು ಮರೆಮಾಚುವುದು ನಮ್ಮ ಉದ್ದೇಶವಲ್ಲ. ಒಂದು ಕಿಡಿ ಸಾಕು, ಮನೆಯೊಡನೆ ಮಗ್ಗವೂ ಬೂದಿ. ಕೆಲವು ವರ್ಷಗಳಿಗೊಮ್ಮೆ ಹೊದಿಕೆ ಬದಲಿಸಲೇಬೇಕು. 1990ರ ದಶಕದಿಂದ ಆಶ್ರಯ ಯೋಜನೆಯಲ್ಲಿ ಗಟ್ಟಿಮನೆಗಳು ಬಂದಾಗ ಜನ ನೆಮ್ಮದಿ ಪಟ್ಟದ್ದು ಸಹಜ. ಆದರೆ ಸಣ್ಣ ಅಳತೆಯ ಆ ಮನೆಗಳಲ್ಲಿ ಗುಣಿಗೆ ಎಡೆಯೆಲ್ಲಿ? ಮೊಳಕಾಲ್ಮೂರಿನ ರೇಷ್ಮೆ ಸೀರೆಗೆ 2011ರಲ್ಲಿ ಭೌಗೋಳಿಕ ಸೂಚಿಕೆಯ ಮನ್ನಣೆ ದೊರೆಯಿತು. ಬಟ್ಟೆಗೆ ಹೆಸರು ಬಂತು. ಬಟ್ಟೆ ಹುಟ್ಟುವ ಮನೆಯ ಮಾತನ್ನು ಯಾರೂ ಎತ್ತಲಿಲ್ಲ.

ಕಂಬಳಿಯವರ ಕಷ್ಟ ಇನ್ನೂ ಒಂದು ತೂಕ ಹೆಚ್ಚು. ಕುರಿಗೆ ಮೇವೂ ಮಾಡಿಗೆ ಹುಲ್ಲೂ ಸಿಗುತ್ತಿದ್ದುದು ಬಯಲಿನ ಹುಲ್ಲುಗಾವಲುಗಳಿಂದ. ಚಳ್ಳಕೆರೆಯ ಅಮೃತಮಹಲ್ ಕಾವಲುಗಳಲ್ಲಿ ಸಾವಿರಾರು ಎಕರೆಯನ್ನು ರಕ್ಷಣಾ ಮತ್ತು ವಿಜ್ಞಾನ ಸಂಸ್ಥೆಗಳಿಗೆ ಕೊಡಲಾಯಿತು. ಭಾರತೀಯ ವಿಜ್ಞಾನ ಸಂಸ್ಥೆಯ ಪಾಲಿಗೇ 1,500 ಎಕರೆ. ದೇಶಕ್ಕೆ ಅವೂ ಬೇಕು, ಒಪ್ಪೋಣ. ಬೇಲಿಯ ಹೊರಗುಳಿದ ಕುರಿಗಾಹಿಯ ಪ್ರಶ್ನೆ ಮಾತ್ರ ಹಾಗೆಯೇ ಉಳಿದಿದೆ.

ನಾವು ನೋಡಿದ ಮನೆಯ ಮೊಮ್ಮಗ ಹುಲ್ಲು ಕಿತ್ತು ತಾರಸಿ ಹಾಕಿಸಲು ಸಿದ್ಧನಾಗಿದ್ದ. ಗುಣಿಗೆ ಮಣ್ಣು ತುಂಬಿಸುವುದೆಂದು ಅವನ ಲೆಕ್ಕ. ಅಜ್ಜಿ ಒಪ್ಪಿರಲಿಲ್ಲ. ‘ನೀವಾರ ಹೇಳ್ರಿ ಸ್ವಾಮೇರ’ ಎಂದು ಇಬ್ಬರೂ ನಮ್ಮ ಮುಖ ನೋಡಿದರು. ತಾರಸಿ ಬೇಡವೆನ್ನಲು ನಮಗೆ ಬಾಯಿ ಬರಲಿಲ್ಲ. ಗುಣಿಯ ಮೇಲೆ ಚಪ್ಪಡಿ ಮುಚ್ಚಿ, ಬೇಕಾದಾಗ ಎತ್ತುವಂತಿರಲಿ ಎಂದೆವು. ಅಜ್ಜಿ ಅಂದು ಸಂಜೆಯೇ ಊರಿನ ಕಲ್ಲುಕುಟಿಗನಿಗೆ ಹೇಳಿಕಳಿಸಿದರು.